ಟೆಕ್ ಪಾರ್ಕಿನ ವಿಶ್ವವಿದ್ಯಾಲಯ ಊರಿಗೂ ತೆರೆದಿರಲಿ



ವಿದೇಶಿ ವಿಶ್ವವಿದ್ಯಾಲಯಗಳು ಭಾರತದಲ್ಲಿ ಕ್ಯಾಂಪಸ್ ತೆರೆಯಲು ಯುಜಿಸಿ 2023ರಲ್ಲಿ ನಿಯಮ ರೂಪಿಸಿದ ಮೇಲೆ, ಸೌತಾಂಪ್ಟನ್ ವಿಶ್ವವಿದ್ಯಾಲಯ 2025ರಲ್ಲಿ ಗುರುಗ್ರಾಮದ ಟೆಕ್ ಪಾರ್ಕಿನಲ್ಲಿ ತರಗತಿ ಆರಂಭಿಸಿತು. ಲಿವರ್‌ಪೂಲ್ ವಿಶ್ವವಿದ್ಯಾಲಯ ಬೆಂಗಳೂರಿಗೆ ಬರುವುದಾಗಿ ಪ್ರಕಟಿಸಿದೆ. ಕಚೇರಿ ಕಟ್ಟಡದಲ್ಲಿ ಪಾಠ ನಡೆಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ನಗರದೊಳಗೆ ನೂರಾರು ಎಕರೆ ಈಗ ಎಲ್ಲಿ ಸಿಕ್ಕೀತು? ದುಡಿಯುತ್ತಲೇ ಓದುವವರಿಗೆ ಮೆಟ್ರೊ ಪಕ್ಕದ ಕಟ್ಟಡವೇ ಅನುಕೂಲ ಎಂಬ ವಾದದಲ್ಲೂ ಹುರುಳಿದೆ. ಆದರೆ ಅಂಥ ಕಟ್ಟಡಗಳ ಗೇಟು ಉದ್ಯೋಗಿಗಳನ್ನು ಬಿಟ್ಟು ಉಳಿದವರನ್ನು ಹೊರಗಿಡಲೆಂದೇ ಇರುವುದು, ಮತ್ತು ನನ್ನ ಆತಂಕವೂ ಅದೇ.

1858ರಲ್ಲಿ ಹುಟ್ಟಿದ ನಮ್ಮ ಸೆಂಟ್ರಲ್ ಕಾಲೇಜನ್ನೇ ನೋಡಿ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಶೋಧವನ್ನು ಅಲ್ಲಿ ವಿವರಿಸಿದ್ದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಗೆ. ಕಾಲೇಜಿನ ಆಚೆಗಿನವರೂ ವಿಜ್ಞಾನದ ಮಾತು ಕೇಳಲು ಕೂಡುವ ಜಾಗ ಅದಾಗಿತ್ತು. ಭದ್ರತೆ ಬೇಡವೇ ಎಂದು ಕೇಳುವವರುಂಟು. ಬೇಕು, ಆದರೆ ಹೆಸರು ಬರೆಸಿಕೊಂಡು ಒಳಬಿಡುವುದೂ ಭದ್ರತೆಯೇ. ಶುಲ್ಕ ಕಟ್ಟಿದವರಿಗಷ್ಟೇ ಸೌಲಭ್ಯ ಎಂಬ ಮಾತು ತರಬೇತಿ ಕೇಂದ್ರಕ್ಕೆ ಸಲ್ಲುತ್ತದೆ, ವಿಶ್ವವಿದ್ಯಾಲಯಕ್ಕಲ್ಲ. ಸಾರ್ವಜನಿಕ ಉಪನ್ಯಾಸ, ನೆರೆಯ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಗ್ರಂಥಾಲಯದ ಪ್ರವೇಶ ಇವೆರಡನ್ನಾದರೂ ರಾಜ್ಯ ಸರ್ಕಾರ ಈ ವಿಶ್ವವಿದ್ಯಾಲಯಗಳೊಂದಿಗಿನ ಮಾತುಕತೆಯಲ್ಲಿ ಈಗಲೇ ಕೇಳಿ ಪಡೆಯಬೇಕು.

— ಓದುಗ, ಬೆಂಗಳೂರು