ಇಂಡಿಪೆಂಡೆಂಟ್ ಅಂತೀರಿ, ಯಾರಿಂದ ಇಂಡಿಪೆಂಡೆಂಟ್?

ಸ್ವಲ್ಪ ಉದ್ದ ಆಗ್ತದ, ಪೂರ್ತಿ ಓದ್ರಿ.

ಇಂಡಿಪೆಂಡೆಂಟ್ ಹಿಂದಿ ಸಿನಿಮಾ ಮಾಡುವವರ ಗೋಳು ನಮಗೆಲ್ಲ ಗೊತ್ತು. ದುಡ್ಡು ಹಾಕುವವರಿಲ್ಲ. ಥಿಯೇಟರ್ ಸಿಗೋದಿಲ್ಲ, ಸಿಕ್ಕರೂ ಯಾರೂ ಬಾರದ ಹೊತ್ತಿನ ಒಂದು ಶೋ. ಓಟಿಟಿಯವರು ಫೋನ್ ಎತ್ತೋದಿಲ್ಲ. ಎಲ್ಲಾ ಖರೇನ. 2004ರಿಂದ ದೇಶದ ದೊಡ್ಡ ಚಿತ್ರೋತ್ಸವ ಗೋವಾದಲ್ಲೇ ನಡೀತದ, ನಮ್ಮ ಲೋಂಡಾ ಜಂಕ್ಷನ್ ದಾಟಿ ಘಟ್ಟ ಇಳಿದರೆ ಗೋವಾ. ಹಂಗಾಗಿ ಆ ಗೋಳು ನಮ್ಮ ಕಿವಿಗೂ ಬೀಳ್ತದ.

ಆದರೆ ನಾನು ಹೇಳೋದು ಬೇರೆ. ನಮಗೆ ದುಡ್ಡು ಎರಡನೇ ಕಷ್ಟ. ಮೊದಲನೇ ಕಷ್ಟ ಕತೆಯೊಳಗೇ ಶುರು ಆಗ್ತದ.

ನಮ್ಮ ಓಣಿಯ ಹುಡುಗರು ಒಂದು ಸಣ್ಣ ಸಿನಿಮಾ ಬರೆದರು, ಬರೆಯೋವಾಗ ನಾನೂ ಜೊತೆಗೆ ಕೂತಿದ್ದೆ. ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋದ ಒಬ್ಬ ಸಾಯ್ತಾನೆ. ಜೊತೆಗಾರರು ಹೆಣ ಊರಿಗೆ ತರ್ತಾರೆ. ಸ್ಮಶಾನದ ದಾರಿ ಮೇಲ್ಜಾತಿಯವರ ಹೊಲದ ಬದುವಿನ ಮೇಲೆ ಹೋಗ್ತದ, ಅವರು ಬಿಡೋದಿಲ್ಲ. ಹೆಣ ಇಟ್ಟುಕೊಂಡು ಕೂತ ಒಂದು ರಾತ್ರಿಯ ಕತೆ, ಅಷ್ಟೇ. ಮುಂಬೈಯ ಒಂದು ಸ್ಕ್ರಿಪ್ಟ್ ಕಾರ್ಯಾಗಾರಕ್ಕೆ ಕಳಿಸಿದೆವು. ಬಂದ ಸಲಹೆ ಏನು ಗೊತ್ತಾ? “ಕತೆ ಚೆನ್ನಾಗಿದೆ. ಜಾತಿ ಒಂದು ತೆಗೆದುಬಿಡಿ. ಮಳೆಗೆ ದಾರಿ ಕೊಚ್ಚಿಹೋಯ್ತು ಅಂತ ಮಾಡಿ, ಎಲ್ಲರಿಗೂ ತಟ್ಟುತ್ತೆ.”

ಅಲ್ರೀ, ಖಾನಾಪುರದ ಮಳೆ ನಮಗೆ ಗೊತ್ತಿಲ್ಲೇನು? ದಾರಿ ಕೊಚ್ಚಿಹೋಗ್ತದ, ಸೇತುವೆ ಮುಳುಗ್ತದ, ಖರೇ. ಆದರೆ ಮಳೆ ನಿಂತ ಮೇಲೂ ದಾರಿ ಬಿಡದವರು ಯಾರು? ಅವರ ಹೆಸರು ಹೇಳಬಾರದು, ತಪ್ಪನ್ನು ಮೋಡದ ಮೇಲೆ ಹಾಕಬೇಕು! ಇದನ್ನು ಇವರು ‘ಯೂನಿವರ್ಸಲ್’ ಅಂತಾರೆ.

ಇದು ನಮ್ಮೊಬ್ಬರ ಕತೆ ಅಲ್ಲ. ನಾಗರಾಜ ಮಂಜುಳೆ 2016ರಲ್ಲಿ ಮರಾಠಿಯಲ್ಲಿ ‘ಸೈರಾಟ್’ ಮಾಡಿದರು, ಜಾತಿಯೇ ಅದರ ಬೆನ್ನೆಲುಬು. 2018ರಲ್ಲಿ ಅದೇ ಕತೆ ‘ಧಡಕ್’ ಆಗಿ ಹಿಂದಿಗೆ ಹೋಯಿತು. ಹಾಡು ಹೋಯಿತು, ಪ್ರೀತಿ ಹೋಯಿತು, ಜಾತಿ ಮಾತ್ರ ದಾರಿಯಲ್ಲೇ ಇಳೀತು. 2025ರಲ್ಲಿ ‘ಫುಲೆ’ ಬಂತು. ಬ್ರಾಹ್ಮಣ ಸಂಘಟನೆಗಳು ಆಕ್ಷೇಪ ಎತ್ತಿದವು, ಏಪ್ರಿಲ್ 11ಕ್ಕೆ, ಜೋತಿಬಾ ಹುಟ್ಟಿದ ದಿನ ಬರಬೇಕಿದ್ದ ಸಿನಿಮಾ 25ಕ್ಕೆ ಹೋಯಿತು. ಸೆನ್ಸಾರ್ ಮಂಡಳಿ ಮಹಾರ್, ಮಾಂಗ್, ಪೇಶ್ವಾಯಿ ಅನ್ನೋ ಪದಗಳಿಗೆ ಕತ್ತರಿ ಹಾಕಿಸಿತು. 3000 ವರ್ಷದ ಗುಲಾಮಗಿರಿ ಅಂತಿದ್ದದ್ದು ‘ಎಷ್ಟೋ ವರ್ಷ’ ಆಯಿತು. ನಮ್ಮ ಜಾತಿಯ ಹೆಸರೂ ಕೊಯ್ದರು, ನಮ್ಮ ನೋವಿನ ಲೆಕ್ಕವನ್ನೂ ಕೊಯ್ದರು.

‘ಸಂತೋಷ್’ ನೋಡ್ರಿ. ಸಂಧ್ಯಾ ಸೂರಿ ಮಾಡಿದ ಹಿಂದಿ ಸಿನಿಮಾ. ಒಬ್ಬ ದಲಿತ ಹುಡುಗಿಯ ಕೊಲೆ, ಪೊಲೀಸರೊಳಗಿನ ಜಾತಿ. ಬ್ರಿಟನ್ ಅದನ್ನ ತನ್ನ ಸಿನಿಮಾ ಅಂತ ಆಸ್ಕರ್‌ಗೆ ಕಳಿಸಿತು. ಇಲ್ಲಿಯ ಸೆನ್ಸಾರ್ ಮಂಡಳಿ ಒಪ್ಪಲಾಗದಷ್ಟು ಕತ್ತರಿ ಕೇಳಿ ಬಿಡುಗಡೆ ನಿಲ್ಲಿಸಿತು. ಮೊದಲು ಅಪೀಲು ಹಾಕೋಕೆ ಒಂದು ನ್ಯಾಯಮಂಡಳಿ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ಅದನ್ನೂ ರದ್ದು ಮಾಡಿತು. ಈಗ ಹೈಕೋರ್ಟಿಗೇ ಹೋಗಬೇಕು. ಸಾಲ ಮಾಡಿ ಸಿನಿಮಾ ಮಾಡಿದವ ವಕೀಲರ ಫೀಸು ಎಲ್ಲಿಂದ ತರಬೇಕು?

“ನೀರಜ್ ಘೇವಾನ್ ಇಲ್ವಾ?” ಅಂತೀರಿ. ಇದ್ದಾರೆ, ನಮ್ಮ ಹೆಮ್ಮೆ. ‘ಮಸಾನ್’, ‘ಗೀಲಿ ಪುಚ್ಚಿ’, ಈಗ ‘ಹೋಮ್‌ಬೌಂಡ್’. ತಾನು ದಲಿತ ಅಂತ ಎದೆ ಮುಟ್ಟಿ ಹೇಳಿಕೊಂಡ ಮನುಷ್ಯ. ಆದರೆ ಆ ಕೊನೆಯ ಸಿನಿಮಾದ ಹಿಂದೆ ಧರ್ಮಾ ಪ್ರೊಡಕ್ಷನ್ಸ್, ಮಾರ್ಟಿನ್ ಸ್ಕೋರ್ಸೆಸೆ ಹೆಸರುಗಳಿದ್ದವು. ಅಷ್ಟಿದ್ದೂ ಸೆನ್ಸಾರ್ ಕತ್ತರಿ ತಪ್ಪಲಿಲ್ಲ. ಒಬ್ಬರು ಬಾಗಿಲು ದಾಟಿದರು ಅಂದರೆ ಬಾಗಿಲು ತೆರೆದಿದೆ ಅಂತ ಅರ್ಥ ಅಲ್ಲ.

ಇನ್ನು ನಮ್ಮೂರಿನ ಪ್ರಶ್ನೆ: “ಕನ್ನಡದಲ್ಲಿ ಮಾಡಿ, ಹಿಂದಿ ಯಾಕೆ?” ಅತ್ತ ಮರಾಠಿಯವರದ್ದೂ ಇದೇ ತಕರಾರು. ಲೋಂಡಾ ಪ್ಲಾಟ್‌ಫಾರ್ಮಿನ ಮೇಲೆ ಐದು ನಿಮಿಷ ನಿಂತು ಕೇಳ್ರಿ. ಕನ್ನಡ, ಮರಾಠಿ, ಕೊಂಕಣಿ, ಹಿಂದಿ ನಾಲ್ಕೂ ಒಂದೇ ಬೆಂಚಿನ ಮೇಲೆ ಕೂತಿರ್ತಾವು. ನಮ್ಮ ಹುಡುಗ ಗೋವಾದ ಮುಕಾದಮನ ಜೊತೆ, ಬಿಹಾರದ ಗೆಳೆಯನ ಜೊತೆ ಮಾತಾಡೋದು ಮುರುಕು ಹಿಂದಿ. ನಾನು ಹಿಂದಿ ಹೇರಿಕೆ ಪರ ಅಲ್ಲ. ದುಡಿಯುವವರು ದಾರಿಯಲ್ಲಿ ಕಲಿತ ಭಾಷೆ ಬೇರೆ, ದಿಲ್ಲಿ ಹೇರುವ ಭಾಷೆ ಬೇರೆ. ಆದರೆ ಇಲ್ಲಿ ಸಬ್ಸಿಡಿ ಸಿಗೋದು ಕನ್ನಡ, ಕರ್ನಾಟಕದ ಪ್ರಾದೇಶಿಕ ಭಾಷೆಗಳ ಸಿನಿಮಾಗೆ. ಮುಂಬೈಗೆ ಲೋಂಡಾ ಅಂದರೆ ದೂಧಸಾಗರಕ್ಕೆ ಹೋಗೋವಾಗ ಬರೋ ಒಂದು ಸ್ಟೇಷನ್. ‘ಚೆನ್ನೈ ಎಕ್ಸ್‌ಪ್ರೆಸ್’ನಲ್ಲಿ ಅದೇ ದೂಧಸಾಗರದ ಮುಂದೆ ರೈಲು ನಿಂತದ್ದನ್ನ ದೇಶವೆಲ್ಲ ನೋಡಿತು. ಆ ಹಳಿ ಪಕ್ಕದ ಓಣಿಯವರನ್ನ ಯಾರು ನೋಡಿದರು?

ದುಡ್ಡಿನ ಮಾತಿಗೆ ಬರ್ತೀನಿ. 1976ರಲ್ಲಿ ಶ್ಯಾಮ್ ಬೆನೆಗಲ್ ‘ಮಂಥನ್’ ಮಾಡಿದಾಗ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೊಟ್ಟರು. ನಮ್ಮ ಗಿರೀಶ ಕಾರ್ನಾಡರು ನಾಯಕ. ದೊಡ್ಡ ಸಿನಿಮಾ, ತಕರಾರಿಲ್ಲ. ಆದರೆ ಅದರಲ್ಲೂ ದಲಿತರ ಸಿಟ್ಟನ್ನ ನಸೀರುದ್ದೀನ್ ಶಾ ಅಭಿನಯಿಸಬೇಕಾಯಿತು, ಕ್ಯಾಮೆರಾ ಹಿಂದೆ ನಾವಿರಲಿಲ್ಲ. ಆ 2 ರೂಪಾಯಿಯ ದಾರಿ ನಮ್ಮದಾಗಬೇಕು, ಕ್ಯಾಮೆರಾನೂ ನಮ್ಮದಾಗಬೇಕು.

ಬಾಬಾಸಾಹೇಬರು 1920ರಲ್ಲಿ ‘ಮೂಕನಾಯಕ’ ಶುರು ಮಾಡಿದಾಗ ‘ಕೇಸರಿ’ ಪತ್ರಿಕೆ ದುಡ್ಡು ಕೊಟ್ಟರೂ ಅದರ ಜಾಹೀರಾತು ಹಾಕಲಿಲ್ಲ. ಕೊಲ್ಲಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟರು, ಪತ್ರಿಕೆ ಹೊರಟಿತು. ಅವರು ಜಾತಿ ತೆಗೆದು ಬರೆಯಲಿಲ್ಲ. ಇಂಡಿಪೆಂಡೆಂಟ್ ಅಂದರೆ ಅದು.

ಅದಕ್ಕೇ ನಮ್ಮವರಿಗೂ ಒಂದು ಮಾತು, ಬೇಜಾರಾದರೂ ಕೇಳ್ರಿ. ಏಪ್ರಿಲ್ 14ಕ್ಕೆ ಓಣಿ ಓಣಿಯಲ್ಲಿ ವರ್ಗಣಿ ಎತ್ತುತ್ತೀವಿ. ಅದರಲ್ಲಿ ಡಿಜೆಗೆ ಹೋಗೋದು ಎಷ್ಟು? ಅದರ ಕಾಲು ಭಾಗ ತೆಗೆದಿಡ್ರಿ. ಹುಡುಗರ ಸಿನಿಮಾ ಜಾತಿ ತೆಗೆಯದೇ ಮೊಬೈಲಿನಲ್ಲೇ ಶೂಟ್ ಆಗಿದೆ, ಎಡಿಟಿಂಗೂ ಆಗಿದೆ. ಗೂಡ್ಸ್ ಗಾಡಿಯ ಹಾರ್ನಿಗೆ ಅರ್ಧ ಮಾತು ಕೇಳ್ತಿಲ್ಲ, ಸೌಂಡ್ ಕೆಲಸ ಬಾಕಿ. ಚಿತ್ರೋತ್ಸವ ಕರೆದರೆ ಹೋಗೋಣ. ಕರೆಯದಿದ್ದರೆ ಸಮುದಾಯ ಭವನದ ಗೋಡೆಗೆ ಸುಣ್ಣ ಬಳಿದು ತೋರಿಸೋಣ. ಡಿಸೆಂಬರ್ 6ಕ್ಕೆ ಮೊದಲ ಶೋ.

ನಾವು ಬದುಕಿದ್ದನ್ನ ನಾವೇ ತೋರಿಸ್ತೀವಿ. ಮಳೆಯ ಹೆಸರು ಹೇಳೋದಿಲ್ಲ.

ಜೈಭೀಮ್!