ತಿಂಡಿಪಟ್ಟಿಯಲ್ಲಿ ಕನ್ನಡವೆಲ್ಲಿ?

ಈ ಲೇಖನದ ವಿಷಯ ಕೇಳಿ ಕೆಲವು ಓದುಗರು ನಗಬಹುದು. ಕಾಸರಗೋಡಿನ ಕನ್ನಡಿಗನಾದವನು ಬರೆಯುವುದಿದ್ದರೆ ಶಾಲೆಯ ಕುರಿತು ಬರೆಯಬೇಕು, ಉದ್ಯೋಗದ ಕುರಿತು ಬರೆಯಬೇಕು, ಸರಕಾರಿ ಅರ್ಜಿ ನಮೂನೆಗಳ ಕುರಿತು ಬರೆಯಬೇಕು. ಅದೆಲ್ಲ ಬಿಟ್ಟು ಹೊಟೇಲಿನ ತಿಂಡಿಯ ಕುರಿತು, ಅದೂ ಕೊರಿಯಾ ದೇಶದ ತಿಂಡಿಯ ಕುರಿತು ಬರೆಯುವುದೆಂದರೆ ಇವನಿಗೆ ಬೇರೆ ಕೆಲಸವಿಲ್ಲ ಎಂದು ಅನಿಸೀತು. ನಾನು ಸಾಹಿತಿಯಲ್ಲ, ಬ್ಯಾಂಕಿನ ಗುಮಾಸ್ತ. ಬಿ.ಎ. ಓದಿದ ಕಾಲದಲ್ಲಿ ಕಲಿತ ಕನ್ನಡವೇ ನನ್ನ ಬಂಡವಾಳ. ನಕ್ಕವರು ನಗಲಿ, ಆದರೆ ಕೊನೆಯ ತನಕ ಓದಿ ಆಮೇಲೆ ನಗಲಿ ಎಂಬುದಷ್ಟೇ ನನ್ನ ವಿನಂತಿ.

ನನ್ನ ಊರು ಬೋವಿಕಾನ. ಚೆರ್ಕಳ-ಜಾಲ್ಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತಿರುವ ಪೇಟೆ. ಇಲ್ಲಿ ಚಹಾದ ಜೊತೆ ಗೋಳಿಬಜೆಯೂ ಸಿಗುತ್ತದೆ, ಪುಟ್ಟು-ಕಡಲೆಯೂ ಸಿಗುತ್ತದೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವೂ ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತವೆ. ಇಲ್ಲಿ ತಿಂಡಿಪಟ್ಟಿಯ ಅಗತ್ಯವೇ ಇಲ್ಲ. ಗಾಜಿನ ಕಪಾಟಿನಲ್ಲಿ ಕಾಣುವುದನ್ನು ಬೆರಳು ತೋರಿಸಿ ಕೇಳಿದರಾಯಿತು. ಆದರೆ ನಮ್ಮ ಮಕ್ಕಳು ಈಗ ಆ ಬೆಂಚಿನಲ್ಲಿ ಕುಳಿತುಕೊಳ್ಳುವುದಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿಗಳನ್ನು ನೋಡುತ್ತಾಳೆ. ಕಿಮ್ಚಿ, ರಾಮ್ಯನ್, ಕಿಂಬಾಪ್, ತೊಕ್‌ಬೊಕ್ಕಿ ಇವೆಲ್ಲ ಅವಳಿಗೆ ಬಾಯಿಪಾಠ. ಅವಳ ಹುಟ್ಟುಹಬ್ಬದ ದಿನ, ಕೊರಿಯನ್ ಊಟ ಕೊಡುತ್ತೇವೆಂದು ಫಲಕ ಹಾಕಿದ ಒಂದು ಅಂಗಡಿಗೆ ನಾವೆಲ್ಲ ಹೋದೆವು. ಯಾವ ಪೇಟೆ, ಯಾವ ಅಂಗಡಿ ಎಂದು ಹೇಳುವುದಿಲ್ಲ. ನನ್ನ ಜಗಳ ಒಂದು ಅಂಗಡಿಯ ಜೊತೆಗಲ್ಲ.

ಜೊತೆಗೆ ನನ್ನ ಅಮ್ಮ ಇದ್ದರು. ಎಪ್ಪತ್ತು ದಾಟಿದವರು. ಐದನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಓದಿದವರು. ಈಗಲೂ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುವವರು. ಹುಟ್ಟಿದಂದಿನಿಂದ ಮೀನು-ಮಾಂಸ ಮುಟ್ಟಿದವರಲ್ಲ. ಗೋಡೆಯ ಮೇಲೆ ದೊಡ್ಡದಾಗಿ ಕೊರಿಯಾದ ಅಕ್ಷರಗಳಿದ್ದವು. ಮೇಜಿನ ಮೇಲಿನ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ತಿಂಡಿಯ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮಲಯಾಳದ ವಿವರಣೆ. ಕನ್ನಡವಿರಲಿಲ್ಲ.

ಸಣ್ಣ ಬಟ್ಟಲಿನಲ್ಲಿ ಕೆಂಪಗಿನ ಪದಾರ್ಥವೊಂದು ಬಂತು. "ಇದು ಎಂತದು ಮಗಾ?" ಎಂದರು ಅಮ್ಮ. ನಾನು ಪಟ್ಟಿಯ ಇಂಗ್ಲಿಷ್ ಸಾಲನ್ನು ನೋಡಿ, "ಕ್ಯಾಬೇಜಿನ ಉಪ್ಪಿನಕಾಯಿಯಮ್ಮ, ತಿನ್ನಿ" ಎಂದೆ. ಅವರು ತಿಂದರು. "ಹುಳಿ ಉಂಟು, ಒಳ್ಳೆದುಂಟು" ಎಂದು ಇನ್ನೊಮ್ಮೆ ಬಡಿಸಿಕೊಂಡರು. ಬಡಿಸುವ ಹುಡುಗ ಬಂದಾಗ ಮಗಳು ಸುಮ್ಮನೆ ವಿಚಾರಿಸಿದಳು. ಒಣಸಿಗಡಿ ಮತ್ತು ಮೀನಿನ ರಸ ಹಾಕದೆ ಕಿಮ್ಚಿಗೆ ರುಚಿ ಬರುವುದಿಲ್ಲ ಎಂದು ಅವನು ಹೆಮ್ಮೆಯಿಂದಲೇ ಹೇಳಿದ.

ಅಮ್ಮ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಕೈ ತೊಳೆದು ಬಾಯಿ ಮುಕ್ಕಳಿಸಿ ಬಂದು ಕುಳಿತರು. ಮನೆಗೆ ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದರು. ಮನೆಯ ಮೆಟ್ಟಿಲು ಹತ್ತುವಾಗ ಒಂದೇ ಮಾತು ಹೇಳಿದರು: "ನನಗೆ ಓದಲಿಕ್ಕೆ ಬರುತ್ತಿದ್ದರೆ ನಾನೇ ನೋಡಿಕೊಳ್ಳುತ್ತಿದ್ದೆ."

ಓದಲು ಬರುವ ನನ್ನ ಅಮ್ಮನಿಂದ ಓದಲು ಬಾರದವರ ಮಾತನ್ನು ಆಡಿಸಿದವರು ಯಾರು? ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ.

ಕೊರಿಯದ ತಿಂಡಿಯೇ ತಪ್ಪು, ನಮ್ಮ ಮಕ್ಕಳು ಕೆಟ್ಟುಹೋಗುತ್ತಿದ್ದಾರೆ ಎಂದು ಗೊಣಗುವ ಹಿರಿಯರು ನಮ್ಮಲ್ಲಿದ್ದಾರೆ. ನಾನು ಅವರ ಪಕ್ಷದವನಲ್ಲ. ಮೆಣಸು ನಮ್ಮ ಮುತ್ತಜ್ಜನ ಮುತ್ತಜ್ಜನ ಆಸ್ತಿಯೇನಲ್ಲ. ಅದು ಅಮೆರಿಕ ಖಂಡದ ಬೆಳೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂತು. ಕೊರಿಯಕ್ಕೂ ಅದು ಹೋದದ್ದು ಆ ಬಳಿಕವೇ. ನಮ್ಮ ಸಾರಿನ ಕೆಂಪೂ ಅವರ ಕಿಮ್ಚಿಯ ಕೆಂಪೂ ಎರಡೂ ಸಾಲ ತಂದದ್ದೇ. ಇನ್ನು ಊರು ಬಿಟ್ಟು ಹೋಗಿ ಪರರಿಗೆ ತನ್ನ ಅಡುಗೆ ಉಣಿಸಿದವರಲ್ಲಿ ನಮ್ಮ ಕರಾವಳಿಯವರೇ ಮೊದಲಿಗರ ಸಾಲಿನಲ್ಲಿದ್ದಾರೆ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಣ್ಣ ಕಾಫಿ ಹೊಟೇಲೇ ಇಂದಿನ ಎಂ.ಟಿ.ಆರ್. ಕಡಂದಲೆ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾತುಂಗದಲ್ಲಿ 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಂತು. ಅವರು ಯಾರೂ ದೋಸೆಗೆ ಬೇರೆ ಹೆಸರಿಡಲಿಲ್ಲ. ಮುಂಬಯಿಯವನೇ ನಾಲಿಗೆ ತಿರುಗಿಸಿ ದೋಸೆ ಎನ್ನಲು ಕಲಿತ. ಹಾಗಿರುವಾಗ ಕಿಮ್ಚಿ ಎಂಬ ಹೆಸರಿನ ಜೊತೆಯೇ ಕಿಮ್ಚಿ ನಮ್ಮೂರಿಗೆ ಬಂದರೆ ಯಾರಿಗೇನು ನಷ್ಟ?

ಅಷ್ಟೇ ಅಲ್ಲ, ಕಿಮ್ಚಿ ನಮಗೆ ದೂರದ ನೆಂಟನೂ ಅಲ್ಲ. ಚಳಿಗಾಲ ಬರುವ ಮೊದಲು ಕೊರಿಯದ ಮನೆಯವರು, ನೆರೆಕರೆಯವರು ಒಟ್ಟು ಸೇರಿ ಆ ಕಾಲಕ್ಕಾಗುವಷ್ಟು ಕ್ಯಾಬೇಜನ್ನು ಉಪ್ಪಿಗೆ ಹಾಕುತ್ತಾರೆ. ಅದಕ್ಕೆ ಕಿಮ್ಜಾಂಗ್ ಎಂದು ಹೆಸರು. 2013ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಗಾಲಕ್ಕೆ ಮೊದಲು ನಮ್ಮ ಮನೆಗಳ ಜಗಲಿಯಲ್ಲಿ ಹೆಂಗಸರು ಸುತ್ತ ಕುಳಿತು ಹಲಸಿನ ಸೊಳೆ ಬಿಡಿಸಿ, ಭರಣಿಯಲ್ಲಿ ಉಪ್ಪು ಹಾಕಿ, ಮೇಲೆ ಕಲ್ಲಿನ ಭಾರ ಹೇರಿ ಇಡುತ್ತಿದ್ದರಲ್ಲ, ಆ ಉಪ್ಪುಸೊಳೆ ಮತ್ತೇನು? ಕೆಲಸ ಒಂದೇ, ಬುದ್ಧಿ ಒಂದೇ. ಅವರದು ಜಗತ್ತಿನ ಪಟ್ಟಿಗೆ ಏರಿತು. ನಮ್ಮದು ನಮ್ಮೂರಿನ ಹೊಟೇಲಿನ ಪಟ್ಟಿಗೂ ಏರಲಿಲ್ಲ. ಅಮ್ಮ ಕಿಮ್ಚಿಯನ್ನು ಬಾಯಿಗಿಟ್ಟ ಕೂಡಲೇ "ಒಳ್ಳೆದುಂಟು" ಎಂದದ್ದು ಸುಮ್ಮನೆ ಅಲ್ಲ. ಕೊರಿಯದ ಬೌದ್ಧ ವಿಹಾರಗಳಲ್ಲಿ ಮೀನು-ಸಿಗಡಿ ಹಾಕದ, ಬೆಳ್ಳುಳ್ಳಿಯನ್ನೂ ಹಾಕದ ಕಿಮ್ಚಿ ಮಾಡುತ್ತಾರೆ. ಇದು ನನಗೆ ಆ ದಿನ ಗೊತ್ತಿದ್ದರೆ ಅಮ್ಮನಿಗಾಗಿ ಅದನ್ನೇ ಕೇಳಿ ನೋಡುತ್ತಿದ್ದೆ.

ಅಕ್ಷರದ ಮಾತಿಗೆ ಬರೋಣ. ಗೋಡೆಯ ಮೇಲೆ ಮೆರೆಯುತ್ತಿದ್ದ ಆ ಕೊರಿಯನ್ ಲಿಪಿಯ ಚರಿತ್ರೆ ನಮ್ಮಂಥವರು ತಿಳಿಯಬೇಕಾದದ್ದು. ಮೊದಲು ಆ ದೇಶದಲ್ಲಿ ಬರೆಯಬೇಕಿದ್ದರೆ ಚೀನೀ ಅಕ್ಷರ ಕಲಿಯಬೇಕಿತ್ತು. ಬಡವನಿಗೆ ಅದು ಎಟುಕುತ್ತಿರಲಿಲ್ಲ. ಸೇಜೋಂಗ್ ಎಂಬ ದೊರೆ 1443ರಲ್ಲಿ ಹೊಸ ಲಿಪಿಯೊಂದನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದ, ಸಾಮಾನ್ಯ ಜನ ತಮ್ಮ ಮಾತನ್ನು ತಾವೇ ಬರೆಯಲಿ, ಓದಲಿ ಎಂದು. 1910ರಿಂದ 1945ರ ತನಕ ಕೊರಿಯ ಜಪಾನಿನ ಕೈಯಲ್ಲಿತ್ತು. ಕೊನೆಕೊನೆಗೆ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಗೆ ಹಾಕಿದರು. 1942ರಲ್ಲಿ ನಿಘಂಟು ಮಾಡುತ್ತಿದ್ದ ವಿದ್ವಾಂಸರನ್ನು ಸೆರೆಮನೆಗೆ ತಳ್ಳಿದರು. ಆ ನಿಘಂಟಿನ ಹಸ್ತಪ್ರತಿ 1945ರಲ್ಲಿ ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. ನಮ್ಮ ಮೇಲೆ ಅಂಥ ದಬ್ಬಾಳಿಕೆ ನಡೆದಿದೆ ಎಂದು ನಾನು ಹೇಳುವುದಿಲ್ಲ; ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಅಷ್ಟೆಲ್ಲ ಅನುಭವಿಸಿದವರು ತಮ್ಮ ಅಕ್ಷರವನ್ನು ತಿಂಡಿಯ ಜೊತೆ ಸಮುದ್ರ ದಾಟಿಸಿದರು, ಏನೂ ಅನುಭವಿಸದ ನಾವು ನಮ್ಮ ಅಕ್ಷರವನ್ನು ಮೇಜಿನ ಮೇಲೂ ಇಡಲಾಗದೆ ಹೋದೆವು ಎಂಬುದಷ್ಟೇ ನನ್ನ ಮಾತು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಕರ್ನಾಟಕದ ಗಡಿಗೆ ತಾಗಿದಂತಿರುವ ಆಂಧ್ರದ ಪೆನುಕೊಂಡದ ಬಳಿ ಕಿಯಾ ಕಾರಿನ ಕಾರ್ಖಾನೆ ಬಂದು 2019ರಲ್ಲಿ ಕಾರುಗಳು ಹೊರಬಂದವು. ಕಾರ್ಖಾನೆಯ ಜೊತೆ ಕೊರಿಯದ ಅಧಿಕಾರಿಗಳು, ಕೆಲಸಗಾರರು ಬಂದರು. ಅವರ ಹಿಂದೆಯೇ ಆ ಹೆದ್ದಾರಿಯ ಬದಿಯಲ್ಲಿ ಕೊರಿಯನ್ ಅಕ್ಷರದ ಫಲಕಗಳೂ ಕೊರಿಯನ್ ಊಟದ ಹೊಟೇಲುಗಳೂ ಎದ್ದವು. ಯಾವ ಆಯೋಗವೂ ವರದಿ ಕೊಡಲಿಲ್ಲ, ಯಾರೂ ಧರಣಿ ಕೂರಲಿಲ್ಲ. ಗಿರಾಕಿ ಕೇಳಿದ, ಅಂಗಡಿಯವನು ಬರೆಸಿದ. ನಿನ್ನೆ ಬಂದವರಿಗೆ ಸಿಕ್ಕಿದ್ದು ತಲೆತಲಾಂತರದಿಂದ ಇಲ್ಲಿಯೇ ಇರುವ ನಮಗೆ ಏಕೆ ಸಿಕ್ಕಿಲ್ಲ? ನಾವು ಕೇಳಲಿಲ್ಲ, ಅದಕ್ಕೆ.

ಇದನ್ನು ನಾನು ಬ್ಯಾಂಕಿನ ಕೌಂಟರಿನ ಒಳಗೆ ಕುಳಿತ ಅನುಭವದಿಂದ ಹೇಳುತ್ತಿದ್ದೇನೆ. ಕನ್ನಡ ಮಾತ್ರ ಬಲ್ಲ ಹಿರಿಯರು ಚಲನ್ ಹಿಡಿದುಕೊಂಡು ಬರುತ್ತಾರೆ. ಕೆಲವರು "ಇದನ್ನು ಕನ್ನಡದಲ್ಲಿ ಕೊಡಿ" ಎನ್ನುತ್ತಾರೆ. ಅವರಿಗೆ ಏನಾದರೂ ಒಂದು ವ್ಯವಸ್ಥೆ ಆಗುತ್ತದೆ. ಹೆಚ್ಚಿನವರು ನಾಚಿಕೆಯಿಂದ ಪಕ್ಕದವರ ಕೈಯಲ್ಲಿ ಬರೆಸಿಕೊಂಡು ಹೋಗುತ್ತಾರೆ. ಕೇಳಿದವರ ಬೇಡಿಕೆ ಕಡತಕ್ಕೆ ಹೋಗುತ್ತದೆ. ಕೇಳದವರ ಬೇಡಿಕೆ ಅವರ ಜೊತೆಯೇ ಬಸ್ಸು ಹತ್ತಿ ಹೋಗುತ್ತದೆ.

"ಹೊಟೇಲಿನಲ್ಲಿ ಎಂತಹ ಭಾಷಾ ಹೋರಾಟ ಮಾರಾಯ, ಅದು ಸರಕಾರಿ ಕಚೇರಿಯಾ?" ಎಂದು ನನ್ನ ಸ್ನೇಹಿತರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. 1956ರ ನವೆಂಬರ 1ರಂದು ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಅಂದಿನ ಮೈಸೂರಿಗೆ ಸೇರಲಿ ಎಂದಿತು. ಅದು ಕಾಗದದಲ್ಲೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ಬದುಕೆಲ್ಲ ಹೋರಾಡಿದರು. 2017ರಲ್ಲಿ ಮಲಯಾಳ ಕಲಿಕೆಯ ಕಾನೂನು ಬಂದಾಗ ನಾವು ಬೀದಿಗೆ ಇಳಿದೆವು. ಅದೆಲ್ಲ ಬೇಕಾದದ್ದೇ. ಆದರೆ ಸಂವಿಧಾನದ 350ಎ ವಿಧಿ ಹೇಳುವುದು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಕುರಿತು, ಊಟದ ಮೇಜಿನ ಕುರಿತಲ್ಲ. ಕಾನೂನು ಅಲ್ಲಿಗೆ ಬರುವುದಿಲ್ಲ. ಹಾಗೆಂದು ಕಾನೂನಿನ ಅಡ್ಡಿಯೂ ಇಲ್ಲ. ಆಹಾರದ ಪೊಟ್ಟಣದ ಮೇಲೆ ಇಂಗ್ಲಿಷ್ ಅಥವಾ ಹಿಂದಿ ಇರಬೇಕು ಎನ್ನುವ ನಿಯಮವೇ ಬೇರೆ ಭಾಷೆಯನ್ನೂ ಬರೆಯಬಹುದು ಎನ್ನುತ್ತದೆ. ಬಾಗಿಲು ತೆರೆದೇ ಇದೆ, ಒಳಗೆ ಹೋಗಬೇಕಾದವರು ನಾವು.

ಇದು ಬರೀ ಅಭಿಮಾನದ ಪ್ರಶ್ನೆಯೂ ಅಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೈಸನ್ನು ನಿಷೇಧಿಸಿತು; ಪಾರ್ಸೆಲ್ ಊಟದ ಮೇಲೆ ತಯಾರಿಸಿದ ಸಮಯ ಯಾವುದು, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಅಂಟಿಸಬೇಕೆಂದು ಆಜ್ಞೆ ಮಾಡಿತು. ಒಳ್ಳೆಯ ಆಜ್ಞೆ. ಆದರೆ ಆ ಚೀಟಿಯನ್ನು ನನ್ನ ಅಮ್ಮ ಓದುವುದು ಹೇಗೆ? ಮಗ ಪೇಟೆಯಿಂದ ಕಳಿಸಿದ ಪೊಟ್ಟಣವನ್ನು ರಾತ್ರಿಗಿರಲಿ ಎಂದು ತೆಗೆದಿಡುವ ಮುದುಕಿಯರು ನಮ್ಮ ಮನೆ ಮನೆಯಲ್ಲಿದ್ದಾರೆ. ನಾವು ಮುಳಿಯಾರಿನವರು. ಗೇರು ತೋಟದ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಗ್ರಾಮಗಳಲ್ಲಿ ನಮ್ಮದೂ ಒಂದು. ಏನನ್ನು ಸುರಿಯುತ್ತಿದ್ದಾರೆಂದು ಆಗ ನಮಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೊಟ್ಟೆಗೆ ಏನು ಹೋಗುತ್ತದೆ ಎಂದು ಕೇಳುವುದನ್ನು ಬೇರೆ ಊರಿನವರು ಮರೆಯಬಹುದು. ನಾವು ಮರೆಯುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಅದನ್ನು ಮುಚ್ಚಿಟ್ಟು ಲೇಖನ ಮುಗಿಸಿದರೆ ಮೋಸವಾಗುತ್ತದೆ. ಆ ರಾತ್ರಿ ಮಗಳು ಮೊಬೈಲಿನಲ್ಲಿ ತೆಗೆದಿದ್ದ ತಿಂಡಿಪಟ್ಟಿಯ ಚಿತ್ರವನ್ನು ತೋರಿಸಿದಳು. "ಅಪ್ಪಾ, ಇಲ್ಲಿ ನೋಡಿ" ಎಂದಳು. ಇಂಗ್ಲಿಷ್ ಸಾಲಿನಲ್ಲಿದ್ದದ್ದು ಕ್ಯಾಬೇಜು ಮಾತ್ರ. ಅದರ ಕೆಳಗಿನ ಸಣ್ಣ ಮಲಯಾಳ ಸಾಲಿನಲ್ಲಿ ಚೆಮ್ಮೀನ್ ಎಂಬ ಪದ ಸ್ಪಷ್ಟವಾಗಿತ್ತು. ನನಗೆ ಮಲಯಾಳ ಓದಲು ಚೆನ್ನಾಗಿ ಬರುತ್ತದೆ. ಬ್ಯಾಂಕಿನಲ್ಲಿ ದಿನವೂ ಓದುತ್ತೇನೆ. ಆದರೆ ಹೊರಗೆ ಊಟಕ್ಕೆ ಹೋದಾಗ ಇಂಗ್ಲಿಷ್ ಸಾಲನ್ನೇ ಓದುವುದು ದೊಡ್ಡಸ್ತಿಕೆ ಎಂಬ ಚಟ ನನ್ನದು. ಆ ದಿನ ಸತ್ಯ ಹೇಳಿದ್ದು ಮಲಯಾಳದ ಸಾಲು. ಅದನ್ನು ಓದದವನು ನಾನು. ಈ ಸಂಚಿಕೆಯ ಇನ್ನೊಂದು ಭಾಗವನ್ನು ಓದುವ ಮಲಯಾಳಿ ಮಿತ್ರರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ: ನನ್ನ ಬೇಡಿಕೆ ನಿಮ್ಮ ಸಾಲನ್ನು ಅಳಿಸಬೇಕೆಂದಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬೇಕು ಎಂದು ಮಾತ್ರ.

ಆದ್ದರಿಂದ ನಮ್ಮ ಮನೆಗಳವರಲ್ಲಿ ನನ್ನ ಕೋರಿಕೆ ಇಷ್ಟು. ಹೊಟೇಲಿಗೆ ಹೋದರೆ ಮೊದಲ ಮಾತು ಕನ್ನಡದಲ್ಲಿರಲಿ. ತಿಳಿಯದಿದ್ದರೆ ಎರಡನೆಯದು ಮಲಯಾಳದಲ್ಲಿ ಆಗಬಹುದು. ಪಟ್ಟಿಯಲ್ಲಿ ಕನ್ನಡವಿಲ್ಲದಿದ್ದರೆ ಬಿಲ್ಲು ಕೊಡುವಾಗ ನಗುಮುಖದಿಂದಲೇ ಏಕಿಲ್ಲ ಎಂದು ಕೇಳಿ. ಕನ್ನಡಿಗರೇ ನಡೆಸುವ ಹೊಟೇಲುಗಳಲ್ಲಿ ಮೊದಲು ಕೇಳಿ, ಏಕೆಂದರೆ ಅಲ್ಲಿಯೂ ನೀರುದೋಸೆ, ಪತ್ರೊಡೆಗಳನ್ನು ಇಂಗ್ಲಿಷಿನಲ್ಲೇ ಬರೆದದ್ದನ್ನು ನಾನು ನೋಡಿದ್ದೇನೆ. ಬರೆಯುವವರಿಲ್ಲ ಎಂದರೆ, ನಮ್ಮ ಸಂಘಗಳಲ್ಲಿ ಮೇಷ್ಟ್ರುಗಳಿಗೆ ಬರವಿಲ್ಲ. ಐವತ್ತು ತಿಂಡಿಗಳ ಹೆಸರು ಬರೆದುಕೊಡಲು ಒಂದು ಭಾನುವಾರ ಸಾಕು. ಬೋವಿಕಾನದ ಸುತ್ತುಮುತ್ತಿನ ಯಾವ ಹೊಟೇಲಿನವರು ಕರೆದರೂ ನಾನು ಪುಕ್ಕಟೆ ಬರೆದುಕೊಡುತ್ತೇನೆ.

ಕಳೆದ ತಿಂಗಳು ಮಗಳು ಮನೆಯಲ್ಲೇ ಕಿಮ್ಚಿ ಮಾಡಿದಳು, ಸಿಗಡಿ ಹಾಕದೆ. ಉಪ್ಪಿನ ಹದ ಹೇಳಿಕೊಟ್ಟವರು ಅಮ್ಮ. ಭರಣಿಯ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ. ಅದರಲ್ಲಿ ಏನೇನು ಹಾಕಿದೆ, ಯಾವ ದಿನ ಹಾಕಿದ್ದು ಎಂದು ಕನ್ನಡದಲ್ಲಿ ಬರೆದಿದ್ದಾಳೆ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿ, ಆಮೇಲೆಯೇ ಬಡಿಸಿಕೊಂಡರು.