ಮಾತ್ರೆ ಚಟಕ್ಕೆ ಮದ್ದು ಮನೆ ಹತ್ತಿರವೇ ಸಿಗಲಿ

ನೋವಿನ ಮಾತ್ರೆಗಳ ರಾಶಿಯನ್ನು ಮೇಜಿನ ಮೇಲೆ ಜೋಡಿಸಿ, ಹಿಂದೆ ಪೊಲೀಸರು ಸಾಲಾಗಿ ನಿಂತ ಫೋಟೊ ಬೆಂಗಳೂರಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಮಾರಿದವನು ಜೈಲಿಗೆ ಹೋಗುತ್ತಾನೆ, ಹೋಗಬೇಕಾದದ್ದೇ. ಆ ಮಾತ್ರೆಗೆ ಮೈ ಒಗ್ಗಿಹೋದ ಹುಡುಗನ ಮರುದಿನದ ಬೆಳಗನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಮೂಗು ಸೋರುತ್ತದೆ, ಭೇದಿ ಶುರುವಾಗುತ್ತದೆ, ಕೈಕಾಲು ಮುರಿದಂತೆ ನೋಯುತ್ತವೆ, ಮೈ ನವಿರೇಳುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಒಂದು ಮಾತ್ರೆ ಸಿಕ್ಕರೆ ಇದೆಲ್ಲ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಹಾಗಾಗಿ ಅವನು ಇನ್ನೊಂದು ಅಂಗಡಿ ಹುಡುಕಿಕೊಂಡು ಹೊರಡುತ್ತಾನೆ.

ನಮ್ಮ ನಗರದಲ್ಲಿ ಈ ಮಾತ್ರೆಯ ಹೆಸರು ಟಪೆಂಟಡಾಲ್. ಇದು ಅಫೀಮು, ಹೆರಾಯಿನ್‌ಗಳಂತೆಯೇ ಮಿದುಳಿನ ಮೇಲೆ ಕೆಲಸ ಮಾಡುವ ಒಪಿಯಾಯ್ಡ್ ಗುಂಪಿನ ನೋವು ನಿವಾರಕ. 2018ರಲ್ಲಿ ಟ್ರಮಡಾಲ್ ಮಾತ್ರೆಯನ್ನು ಮಾದಕ ವಸ್ತುಗಳ ಕಾಯ್ದೆಯ ಹಿಡಿತಕ್ಕೆ ತಂದ ಮೇಲೆ ಚಟದವರ ಕಣ್ಣು ಇದರ ಮೇಲೆ ಬಿತ್ತು. 2020ರ ಹೊತ್ತಿಗೇ ನಿಮ್ಹಾನ್ಸ್ ವೈದ್ಯರು ಈ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದ್ದರು. ನುಂಗುವುದಕ್ಕೆಂದು ಮಾಡಿದ ಮಾತ್ರೆಯನ್ನು ಕೆಲವರು ಪುಡಿ ಮಾಡಿ, ನೀರಿನಲ್ಲಿ ಕದಡಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಕರಗದೆ ಉಳಿದ ಪುಡಿ ರಕ್ತನಾಳವನ್ನು ಹಾಳುಮಾಡುತ್ತದೆ, ಚುಚ್ಚಿದ ಜಾಗ ಕೀವು ಕಟ್ಟುತ್ತದೆ. ಒಂದೇ ಸಿರಿಂಜು ನಾಲ್ಕು ಕೈ ದಾಟಿದರೆ ಹೆಪಟೈಟಿಸ್ ಸಿ, ಎಚ್‌ಐವಿ ಕೂಡ ದಾಟುತ್ತವೆ.

ಇದು ಪಂಜಾಬಿನ ಗೋಳು, ಮಣಿಪುರದ ಗೋಳು ಎಂದುಕೊಂಡು ನಾವು ಬಹಳ ದಿನ ಸುಮ್ಮನಿದ್ದೆವು. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಒಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ನೆರವು ಬೇಕೇ ಬೇಕು. ಇದು ಒಂದೆರಡು ರಾಜ್ಯ ಹೊತ್ತುಕೊಂಡು ಮುಗಿಸುವ ಲೆಕ್ಕವಲ್ಲ.

ಮಗನ ಚಟ ಗೊತ್ತಾದಾಗ ಮನೆಯವರಿಗೆ ಮೊದಲು ಹೊಳೆಯುವುದು ಒಂದೇ ದಾರಿ: ಸಾಲ ಮಾಡಿಯಾದರೂ ಚಟ ಬಿಡಿಸುವ ಯಾವುದೋ ‘ಸೆಂಟರ್’ಗೆ ಹಾಕುವುದು. ಮೂರು ತಿಂಗಳು ಬೀಗದ ಒಳಗಿದ್ದರೆ ಸರಿಹೋಗುತ್ತಾನೆ ಎಂಬ ನಂಬಿಕೆ. ಇಲ್ಲಿ ಒಂದು ಮಾತನ್ನು ಪ್ರತಿ ತಂದೆತಾಯಿಗೂ ಹೇಳಲೇಬೇಕು. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ದೇಹದ ತಡೆದುಕೊಳ್ಳುವ ಶಕ್ತಿ ಕುಸಿಯುತ್ತದೆ, ಆಸೆ ಮಾತ್ರ ಉಳಿದಿರುತ್ತದೆ. ಹೊರಗೆ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಮುಂದಿನ ಔಷಧದ ವ್ಯವಸ್ಥೆಯಿಲ್ಲದೆ ಬರೀ ‘ಬಿಡಿಸಿ’ ಕಳಿಸುವುದು ಅವನ ಜೀವಕ್ಕೇ ಅಪಾಯ.

ಆ ಔಷಧ ನಮ್ಮಲ್ಲಿದೆ. ಬ್ಯುಪ್ರಿನಾರ್ಫಿನ್. 2005ರಿಂದ ಇದು ಮೆಥಡೋನ್ ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಎಚ್‌ಐವಿ ತಡೆಯಲು ಸರ್ಕಾರವೇ ನಡೆಸುವ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ನರ್ಸ್ ಮಾತ್ರೆಯನ್ನು ಪುಡಿ ಮಾಡಿ ನಾಲಗೆಯ ಕೆಳಗೆ ಹಾಕುತ್ತಾರೆ, ಅದು ಕರಗುವವರೆಗೆ ರೋಗಿ ಅವರ ಕಣ್ಣೆದುರೇ ಕೂತಿರುತ್ತಾನೆ, ಬಾಯಿ ತೆರೆದು ತೋರಿಸಿ ಹೊರಡುತ್ತಾನೆ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ‘ಒಂದು ಚಟ ಬಿಡಿಸಿ ಇನ್ನೊಂದನ್ನು ಹತ್ತಿಸುತ್ತೀರಾ?’ ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸರಿಯಾದ ಅಳತೆಯಲ್ಲಿ ತೆಗೆದುಕೊಂಡವನಿಗೆ ನಶೆ ಏರುವುದಿಲ್ಲ, ಮೈನೋವಿಲ್ಲ, ಸೂಜಿಯ ಗೊಡವೆಯಿಲ್ಲ. ಅವನು ಕೆಲಸಕ್ಕೆ ಹೋಗುತ್ತಾನೆ, ಸಂಬಳ ಮನೆಗೆ ತರುತ್ತಾನೆ.

ತೊಡಕಿರುವುದು ದೂರದಲ್ಲಿ. ಹೊಸ ತಿಪ್ಪಸಂದ್ರದ ಗಲ್ಲಿಗಳಲ್ಲಿ ಎಚ್‌ಎಎಲ್ ಕಾಲದ ಹಳೆಯ ಸಂಸಾರಗಳ ಪಕ್ಕದಲ್ಲೇ ಪಿಜಿ ಹುಡುಗರು, ಡೆಲಿವರಿ ಹುಡುಗರು, ಸೆಕ್ಯುರಿಟಿ ಕೆಲಸದವರು ಇದ್ದಾರೆ. ಇವರಲ್ಲಿ ಒಬ್ಬನಿಗೆ ಈ ಔಷಧ ಬೇಕಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗು ಎನ್ನುವುದು ಸುಲಭ. ಈ ಟ್ರಾಫಿಕ್‌ನಲ್ಲಿ ಹೋಗಿಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತದೆ, ಆ ದಿನದ ದುಡಿಮೆಯೂ ಹೋಗುತ್ತದೆ. ಮಾತ್ರೆ ಮಾರುವವನು ನಾಲ್ಕು ಹೆಜ್ಜೆ ದೂರದಲ್ಲಿ, ಮದ್ದು ಕೊಡುವವರು ಊರಾಚೆ ಎಂದಾದರೆ ಗೆಲ್ಲುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಚಿಕಿತ್ಸೆಯನ್ನು ಜನರ ಬಾಗಿಲಿಗೆ ಒಯ್ಯುವ ಪಾಠವನ್ನು ದೇಶಕ್ಕೆ ಕಲಿಸಿದ್ದೇ ಬೆಂಗಳೂರು. 1959ರಲ್ಲಿ ಇಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳ ಮೇಲೆಯೇ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ನಿಂತಿತು. ರೋಗಿಯನ್ನು ತಿಂಗಳುಗಟ್ಟಲೆ ಒಳಗಿರಿಸುವ ಸ್ಯಾನಟೋರಿಯಂ ಬೇಡ, ಸಾಮಾನ್ಯ ಆಸ್ಪತ್ರೆಯಲ್ಲೇ ಔಷಧ ಸಿಗಲಿ ಎಂಬುದು ಅದರ ತಿರುಳು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಚಟದ ವಿಷಯದಲ್ಲಿ ಮಾತ್ರ ನಾವು ಇನ್ನೂ ಸ್ಯಾನಟೋರಿಯಂ ಕಾಲದಲ್ಲೇ ಇದ್ದೇವೆ.

2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ನಮ್ಮ ಕ್ಲಿನಿಕ್’ಗಳು ಬೆಂಗಳೂರಿನ ವಾರ್ಡ್‌ಗಳಲ್ಲಿವೆ. ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ತಿಪ್ಪಸಂದ್ರಕ್ಕೆ ಹತ್ತಿರವೇ ಇದೆ. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರು ಮಾಡಿ, ರೋಗಿ ಒಂದು ಹದಕ್ಕೆ ಬಂದ ಮೇಲೆ ದಿನದ ಮಾತ್ರೆಯನ್ನು ಮನೆ ಹತ್ತಿರದ ನಮ್ಮ ಕ್ಲಿನಿಕ್‌ನಲ್ಲೇ ಕೊಡಬಹುದು. ಅದಕ್ಕೆ ಬೇಕಾದ ಅನುಮತಿ, ತರಬೇತಿ, ದಾಖಲೆ ಪುಸ್ತಕಗಳನ್ನು ಆರೋಗ್ಯ ಇಲಾಖೆ ಸಿದ್ಧಪಡಿಸಬೇಕು. ಪಂಜಾಬ್ 2017ರಲ್ಲೇ ಹೊರರೋಗಿ ಕೇಂದ್ರಗಳನ್ನು ತೆರೆದು ಬ್ಯುಪ್ರಿನಾರ್ಫಿನ್ ಕೊಡಲು ಶುರು ಮಾಡಿತು.

ಇದರ ಜೊತೆಗೆ ನಲೋಕ್ಸೋನ್ ಇಂಜೆಕ್ಷನ್ ಪ್ರತಿ ತುರ್ತು ವಿಭಾಗದಲ್ಲೂ ಪ್ರತಿ 108 ಆಂಬುಲೆನ್ಸ್‌ನಲ್ಲೂ ಇರಬೇಕು. ನಿಂತುಹೋಗುತ್ತಿರುವ ಉಸಿರನ್ನು ಕೆಲವೇ ನಿಮಿಷದಲ್ಲಿ ಮರಳಿಸುವ ಮದ್ದು ಅದು. ರೂಮಿನ ಗೆಳೆಯರಿಗೂ ಇಷ್ಟು ಗೊತ್ತಿರಲಿ: ತುಟಿ ನೀಲಿಯಾಗಿ, ಗೊರಕೆಯಂಥ ಸದ್ದು ಬರುತ್ತಾ, ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ. ಮಜ್ಜಿಗೆ, ನಿಂಬೆರಸ ಯಾವುದನ್ನೂ ಕುಡಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ, ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ.

ಪೊಲೀಸರ ಭಯಕ್ಕೆ ಮನೆಯವರು ಬಾಯಿ ಬಿಡುವುದಿಲ್ಲ. ಆದರೆ ಬಳಸುವುದಕ್ಕಾಗಿ ಅಲ್ಪ ಪ್ರಮಾಣದ ಮಾದಕ ವಸ್ತು ಇಟ್ಟುಕೊಂಡು ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ, ಮಾದಕ ವಸ್ತುಗಳ ಕಾಯ್ದೆಯ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಯನ್ನು ಕಾಯಿಲೆಯೆಂದೇ ಒಪ್ಪಿದೆ. ಚಟ ಬಿಡಲು ನೆರವಾಗುವ 14446 ಸಹಾಯವಾಣಿಗೆ ಕರೆ ಮಾಡಲು ಹಣ ಕೊಡಬೇಕಿಲ್ಲ. ಈ ಮೂರು ಮಾತನ್ನು ಪ್ರತಿ ಠಾಣೆಯ, ಪ್ರತಿ ಮೆಡಿಕಲ್ ಶಾಪಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲು ಎಷ್ಟು ಖರ್ಚಾದೀತು?

ವೈದ್ಯರ ಚೀಟಿಯ ಮಾತ್ರೆಗಳಿಂದಲೇ ಅಮೆರಿಕದ ಅನಾಹುತವೂ ಶುರುವಾಯಿತು. ಮುಂದೆ ಅಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಒಂದೇ ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಾವಿನ್ನೂ ಆ ಹಂತಕ್ಕೆ ಬಂದಿಲ್ಲ, ಕೈಯಲ್ಲಿ ಸಮಯವಿದೆ. ಮುಂದಿನ ಬಾರಿ ಮತ ಕೇಳಲು ಬಂದವರನ್ನು ರಸ್ತೆಗುಂಡಿ, ಕಸದ ಜೊತೆಗೆ ಇದನ್ನೂ ಕೇಳೋಣ: ನಮ್ಮ ವಾರ್ಡಿನ ಕ್ಲಿನಿಕ್‌ನಲ್ಲಿ ಈ ಮದ್ದು ಯಾವಾಗಿನಿಂದ ಸಿಗುತ್ತದೆ?